ನೆಮ್ಮದಿಗೆ ಎಷ್ಟು ಬೇಕು?

(ಜುಮಾ ಖುತ್ಬಾದ ಸಾರ)



ಸಂತೋಷ ಬೇಡವೆನ್ನುವವರು ಯಾರೂ ಇಲ್ಲ. ಅದನ್ನು ಎಲ್ಲಿ ಹುಡುಕಬೇಕು ಎಂಬಲ್ಲಿ ಮಾತ್ರ ನಾವು ದಾರಿ ತಪ್ಪುತ್ತೇವೆ. ಅಲ್ಲಾಹನ ಸ್ಮರಣೆಯಲ್ಲಿ ಹೃದಯಕ್ಕೆ ಶಾಂತಿಯಿದೆ ಎಂದು ಕುರ್‌ಆನಿನ ಅರ್ರಅದ್ ಅಧ್ಯಾಯ ಕಲಿಸುತ್ತದೆ. ನಿಜವಾದ ಸಿರಿತನವೆಂದರೆ ಮನಸ್ಸಿನ ಸಿರಿತನ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಇರುವುದರಲ್ಲಿ ತೃಪ್ತಿಪಡುವ ಈ ಗುಣಕ್ಕೆ ಕನಾಅತ್ ಎನ್ನುತ್ತೇವೆ.

ಕನಾಅತ್ ಎಂದರೆ ಕೈಕಟ್ಟಿ ಕೂರುವುದಲ್ಲ. ಮೆಕ್ಕೆಜೋಳ, ಈರುಳ್ಳಿ ಬೆಳೆದವನು ನ್ಯಾಯದ ಬೆಲೆ ಕೇಳಬೇಕು, ದುಡಿದವನು ಪೂರ್ತಿ ಕೂಲಿ ಕೇಳಬೇಕು. ಹಲಾಲ್ ದುಡಿಮೆಗೆ ಇಸ್ಲಾಮಿನಲ್ಲಿ ತಡೆಯಿಲ್ಲ. ಕನಾಅತ್ ಕಡಿವಾಣ ಹಾಕುವುದು ಪಕ್ಕದ ಮನೆಯನ್ನು ನೋಡಿ ಹುಟ್ಟುವ ಆಸೆಗೆ.

ಇದರ ಅಭ್ಯಾಸ ನಮಾಝಿನಿಂದಲೇ ಶುರುವಾಗಲಿ. ಅಲ್‌ಮೂಮಿನೂನ್ ಅಧ್ಯಾಯವು ಯಶಸ್ವಿಗಳ ಗುಣಗಳನ್ನು ಹೇಳುವಾಗ ಮೊದಲು ಹೆಸರಿಸುವುದು ನಮಾಝಿನ ಖುಶೂ, ಅಂದರೆ ಮನಸ್ಸಿಟ್ಟು ವಿನಯದಿಂದ ನಿಲ್ಲುವುದನ್ನು. ನಮ್ಮ ದೇಹ ಸಫ್‌ನಲ್ಲಿದ್ದರೂ ಮನಸ್ಸು ಅಂಗಡಿಯಲ್ಲೋ ಮೊಬೈಲ್‌ನಲ್ಲೋ ಇರುತ್ತದೆ. ವುಝೂ ಮಾಡುವಾಗಲೇ ಮನಸ್ಸನ್ನು ಒಂದೆಡೆ ತರೋಣ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಅದು ಒಂದು ಲೀಟರಿಗಿಂತ ಕಡಿಮೆ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವ ನಮ್ಮ ಊರುಗಳಲ್ಲಿ ನಲ್ಲಿ ತಿರುಗಿಸಿಟ್ಟು ಮಾತಾಡುತ್ತಾ ವುಝೂ ಮಾಡುವುದು ಎಷ್ಟು ಸರಿ?

ಇನ್ನು ಮನೆಯ ಮಾತಿಗೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಲ್ಲಿ ಮಳೆಯನ್ನೇ ನಂಬಿದ ಕುಟುಂಬಗಳು ಬಹಳ. ಮಳೆ ಕೈಕೊಟ್ಟರೆ ಗುಳೆ ಹೋಗುವವರೂ ಇದ್ದಾರೆ. ಇಂಥ ಮನೆಗಳ ನೆಮ್ಮದಿಯನ್ನು ಕಸಿಯುವುದರಲ್ಲಿ ಶಾದಿಯ ಸಾಲ ದೊಡ್ಡದು. ‘ನಾಲ್ಕು ಜನ ಏನಂದಾರು’ ಎಂಬ ಒಂದೇ ಭಯಕ್ಕೆ ಶಾದಿ ಮಹಲ್, ಸ್ಟೇಜ್ ಅಲಂಕಾರ, ಬಗೆಬಗೆಯ ಊಟ, ಜಹೇಜ್. ಊಟ ಒಂದು ದಿನದಲ್ಲಿ ಮುಗಿಯುತ್ತದೆ, ವಾರದ ಕಂತು ವರ್ಷಗಟ್ಟಲೆ ಉಳಿಯುತ್ತದೆ. ಕಂತಿನವರು ಬರುವ ದಿನ ತಾಯಿಯ ಮುಖ ಬಾಡುತ್ತದೆ. ಬಡ್ಡಿಯ ಪಾಪವೂ ಹೆಗಲೇರುತ್ತದೆ.

ನಮ್ಮ ಮಾದರಿ ಯಾವುದು? ಹ. ಅಲೀ(ರ) ತಮ್ಮ ಯುದ್ಧಕವಚವನ್ನು ಮಹ್ರ್ ಆಗಿ ಕೊಟ್ಟು ಹ. ಫಾತಿಮಾರನ್ನು(ರ) ವರಿಸಿದರು. ಪ್ರವಾದಿಪುತ್ರಿಯ ಹೊಸ ಮನೆಗೆ ಹೋದದ್ದು ಒಂದು ಹೊದಿಕೆ, ನೀರಿನ ಚರ್ಮದ ಚೀಲ, ಹುಲ್ಲು ತುಂಬಿದ ಚರ್ಮದ ದಿಂಬು. ಮದೀನಾದಲ್ಲಿ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದುವೆಯಾದಾಗ ಪ್ರವಾದಿವರ್ಯರಿಗೆ(ಸ) ಅದು ತಿಳಿದದ್ದು ಅವರ ಮೇಲಿದ್ದ ಹಳದಿ ಸುಗಂಧದ ಗುರುತು ಕಂಡ ನಂತರ. ಕರೆಯಲಿಲ್ಲವೆಂದು ಅವರು ಬೇಸರಪಡಲಿಲ್ಲ. ಬರಕತ್‌ಗಾಗಿ ದುಆ ಮಾಡಿ, ಒಂದೇ ಕುರಿಯದಾದರೂ ಸರಿ, ವಲೀಮಾ ಕೊಡಲು ಹೇಳಿದರು. ಇಂದು ಕರೆಯಲು ಮರೆತರೆ ನಾವು ವರ್ಷಗಟ್ಟಲೆ ಮಾತು ಬಿಡುತ್ತೇವೆ!

ಸರಳತೆಯ ಉಪದೇಶವನ್ನು ನಾವು ಹೆಚ್ಚಾಗಿ ಮಾಡುವುದು ಬಡವರಿಗೆ. ಆದರೆ ಬಡವನೊಬ್ಬ ಸರಳವಾಗಿ ನಿಕಾಹ್ ಮಾಡಿದರೆ ಜನ ‘ಪಾಪ, ಗತಿಯಿಲ್ಲ’ ಎನ್ನುತ್ತಾರೆ. ಉಳ್ಳವನು ಮಾಡಿದರೆ ಅದು ಊರಿಗೆ ದಾರಿಯಾಗುತ್ತದೆ. ಆದ್ದರಿಂದ ಮೊದಲ ಹೆಜ್ಜೆ ಶಕ್ತಿಯುಳ್ಳವರದೇ ಆಗಬೇಕು. ಜಮಾಅತ್‌ನ ಹಿರಿಯರು, ವ್ಯಾಪಾರಸ್ಥರು, ನೌಕರಿಯಲ್ಲಿರುವವರು ತಮ್ಮ ಮನೆಯ ನಿಕಾಹನ್ನು ಮಸೀದಿಯಲ್ಲಿ ಮಾಡಲಿ. ವರನ ಕಡೆಯವರು ಜಹೇಜ್ ಬೇಡವೆಂದು ಮಾತುಕತೆಯ ದಿನವೇ ಬಾಯಿಬಿಟ್ಟು ಹೇಳಲಿ. ವಲೀಮಾ ಕೈಯಳತೆಯಲ್ಲಿರಲಿ, ಅದರಲ್ಲಿ ಬಡವರಿಗೂ ಎಲೆ ಇರಲಿ. ಅಲಂಕಾರಕ್ಕೆ ನಮ್ಮ ಹಡಗಲಿ ಮಲ್ಲಿಗೆಯ ಸೆಹ್ರಾ ಸಾಲದೇ?

ಮನೆಯಲ್ಲಿ ಇಂದಿನಿಂದಲೇ ಒಂದು ರೂಢಿ ಮಾಡೋಣ. ಇಶಾ ನಂತರ ಐದು ನಿಮಿಷ ಮೊಬೈಲ್ ದೂರವಿಟ್ಟು ಹೆಂಡತಿ ಮಕ್ಕಳೊಂದಿಗೆ ಕೂರೋಣ. ಇಂದು ಅಲ್ಲಾಹನು ಕೊಟ್ಟದ್ದೇನು, ನಾವು ಸುಮ್ಮನೆ ಕಳೆದದ್ದೇನು ಎಂದು ಲೆಕ್ಕ ಹಾಕೋಣ. ಕೊಟ್ಟದ್ದಕ್ಕೆ ಅಲ್‌ಹಮ್ದುಲಿಲ್ಲಾಹ್, ಕಳೆದದ್ದಕ್ಕೆ ಅಸ್ತಗ್‌ಫಿರುಲ್ಲಾಹ್ ಎನ್ನೋಣ.

ಅಲ್ಲಾಹನು ನಮ್ಮ ಮನೆಗಳನ್ನು ಸಾಲದ ಭಾರದಿಂದ ಕಾಪಾಡಲಿ, ಹೃದಯಗಳಿಗೆ ಕನಾಅತ್‌ನ ಸಿರಿ ಕೊಡಲಿ. ಆಮೀನ್.