ಇಪ್ಪತ್ತನಾಲ್ಕು ಕಣ್ಣುಗಳು

ಜಪಾನಿನ ಒಳಗಡಲಿನ ಷೋದೋ ದ್ವೀಪದಲ್ಲಿ ಜನಿಸಿದ ಲೇಖಕಿ ಸಕಾಯೆ ತ್ಸುಬೊಯಿಯವರ 1952ರ ಕಾದಂಬರಿಯನ್ನಾಧರಿಸಿ, ನಿರ್ದೇಶಕ ಕೆಯ್ಸುಕೆ ಕಿನೋಷಿತ 1954ರಲ್ಲಿ ತೆರೆಗೆ ತಂದ ‘ಇಪ್ಪತ್ತನಾಲ್ಕು ಕಣ್ಣುಗಳು’ ಯುದ್ಧಕಾಲದ ಚಿತ್ರವೇ ಸರಿ. ಆದರೆ ಅದರಲ್ಲಿ ರಣರಂಗವಿಲ್ಲ, ಶತ್ರುವಿನ ಮುಖವಿಲ್ಲ. ಇರುವುದು ಹಳ್ಳಿಯ ಶಾಲೆ, ಒಂದನೆಯ ತರಗತಿಯ ಹನ್ನೆರಡು ಮಕ್ಕಳು, ಅವರ ಉಪಾಧ್ಯಾಯಿನಿ.

1928ರಲ್ಲಿ ಓಯಿಷಿ ಎಂಬ ತರುಣಿ ಪಾಶ್ಚಾತ್ಯ ಉಡುಪು ತೊಟ್ಟು, ಸೈಕಲ್ ತುಳಿಯುತ್ತ ಬಂದಾಗ ಊರಿಗೆ ಊರೇ ಹುಬ್ಬೇರಿಸುತ್ತದೆ. ಮಕ್ಕಳಾದರೋ, ಹಾಜರಿ ಕರೆಯುವಾಗಲೇ ತಮ್ಮ ಅಡ್ಡಹೆಸರುಗಳನ್ನೂ ಕೇಳಿ ಗುರುತುಮಾಡಿಕೊಳ್ಳುವ ಆಕೆಗೆ ಮೊದಲ ದಿನವೇ ಮನಸೋಲುತ್ತಾರೆ. ಮಕ್ಕಳು ತೋಡಿದ ಗುಂಡಿಯಲ್ಲಿ ಬಿದ್ದು ಕಾಲಿಗೆ ಪೆಟ್ಟಾಗಿ ಆಕೆ ಮನೆಯಲ್ಲುಳಿದಾಗ, ಆ ಪುಟಾಣಿಗಳು ಹೆತ್ತವರಿಗೂ ತಿಳಿಸದೆ, ಹಸಿದು ಅಳುತ್ತ ಮೈಲಿಗಟ್ಟಲೆ ನಡೆದು ಆಕೆಯನ್ನು ನೋಡಹೋಗುತ್ತಾರೆ. ಅಂದು ಎಲ್ಲರೂ ಕೂಡಿ ಒಂದು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ.

ಯುದ್ಧವು ಈ ದ್ವೀಪಕ್ಕೆ ಬರುವುದು ಶಾಲೆಯ ಬಾಗಿಲಿನಿಂದ. ಸಹೋದ್ಯೋಗಿಯೊಬ್ಬನನ್ನು ಕೆಂಪು ವಿಚಾರದವನೆಂದು ಪೊಲೀಸರು ಹಿಡಿದೊಯ್ಯುತ್ತಾರೆ. ಮುಖ್ಯೋಪಾಧ್ಯಾಯರು ಮಾತಿನಲ್ಲಿ ಎಚ್ಚರವಿರಲೆಂದು ಓಯಿಷಿಗೆ ತಾಕೀತು ಮಾಡುತ್ತಾರೆ. ಸೈನಿಕರಾಗಬೇಕೆಂದು ಹಂಬಲಿಸುವ ಹುಡುಗರನ್ನು ಕಂಡು ನೊಂದ ಆಕೆ ಕೊನೆಗೆ ಕೆಲಸವನ್ನೇ ತ್ಯಜಿಸುತ್ತಾಳೆ. ಬಾಂಬುಗಳಿಗಿಂತ ಭೀಕರವಾಗಿ ನನ್ನನ್ನು ತಟ್ಟಿದ್ದು ಈ ಭಾಗ. ಬಾಲ್ಯವನ್ನು ಯುದ್ಧವು ಕಸಿಯುವ ಮುನ್ನ ಆ ಬಾಲ್ಯಕ್ಕೇ ಯುದ್ಧವು ಪ್ರಿಯವಾಗುವಂತೆ ಕಲಿಸಲಾಗುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿದ ಚಿತ್ರಗಳು ವಿರಳ.

ಒಂದನೆಯ ತರಗತಿಯ ಮಕ್ಕಳ ಪಾತ್ರಗಳಿಗೂ ಅವರೇ ಆರನೆಯ ತರಗತಿಗೆ ಬೆಳೆದಾಗಿನ ಪಾತ್ರಗಳಿಗೂ ಕಿನೋಷಿತ ಒಡಹುಟ್ಟಿದವರನ್ನೇ ಆಯ್ದದ್ದರಿಂದ, ಅದೇ ಮುಖ ಐದು ವರ್ಷ ಬಲಿತಂತೆ ಕಾಣುತ್ತದೆ. ಹೀಗೆ ಮುಖಗಳು ಪರಿಚಿತವಾದ ಮೇಲೆಯೇ ನಷ್ಟದ ಲೆಕ್ಕ ತೊಡಗುತ್ತದೆ. ಐವರು ಹುಡುಗರಲ್ಲಿ ಮೂವರು ಯುದ್ಧದಲ್ಲಿ ಮಡಿಯುತ್ತಾರೆ, ಒಬ್ಬ ಕುರುಡನಾಗಿ ಮರಳುತ್ತಾನೆ. ಹುಡುಗಿಯರಲ್ಲೊಬ್ಬಳನ್ನು ಕ್ಷಯ ಒಯ್ಯುತ್ತದೆ. ಓಯಿಷಿಯೂ ಪತಿಯನ್ನೂ ಪುಟ್ಟ ಮಗಳನ್ನೂ ಕಳೆದುಕೊಳ್ಳುತ್ತಾಳೆ. ಯುದ್ಧಾನಂತರ ಉಳಿದವರು ಗುರುವಿನೊಡನೆ ಕೂಡಿದಾಗ, ಕುರುಡ ಇಸೊಕಿಚಿ ಆ ಹಳೆಯ ಭಾವಚಿತ್ರವನ್ನು ಕೈಗೆತ್ತಿಕೊಂಡು, ಬೆರಳಾಡಿಸುತ್ತ, ಯಾರು ಎಲ್ಲಿ ನಿಂತಿದ್ದಾರೆಂದು ಒಬ್ಬೊಬ್ಬರನ್ನೇ ಹೆಸರಿಸುತ್ತಾನೆ. ಉಪಾಧ್ಯಾಯಿನಿಯಾಗಿ ಹಿದೆಕೊ ತಕಮಿನೆಯವರ ಅಭಿನಯ ಇಲ್ಲಿ ಅತ್ಯಂತ ಸಂಯಮದ್ದು.

ಜಪಾನೀ ಸೇನೆ ಪರದೇಶಗಳಲ್ಲಿ ಎಸಗಿದ ಕ್ರೌರ್ಯ ಈ ಕಥೆಯ ಅಂಚಿಗೂ ಬರುವುದಿಲ್ಲ. ಅದು ನಿಜವಾದ ಕೊರತೆ. ಆದರೂ ಸೋತ ದೇಶವೊಂದು ತನ್ನ ಶಾಲೆಗಳ ಪಾಲಿನ ಹೊಣೆಯನ್ನು ಇಲ್ಲಿ ಮರೆಮಾಚಿಲ್ಲ. ಚಿತ್ರ ತೆರೆಕಂಡ ವರ್ಷ ‘ಕಿನೆಮಾ ಜುನ್ಪೊ’ ಪತ್ರಿಕೆಯ ವಿಮರ್ಶಕರು ನಿರ್ದೇಶಕ ಕುರೊಸಾವರ ‘ಏಳು ಸಮುರಾಯಿಗಳು’ ಚಿತ್ರವನ್ನೂ ಹಿಂದಿಕ್ಕಿ ಪ್ರಥಮ ಸ್ಥಾನವನ್ನು ಇದಕ್ಕಿತ್ತರು.