ನೆಲಕ್ಕೆ ಇಳಿಸುವುದು ಕೊನೆಯಲ್ಲ

ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವಭಾಗದ ಕನ್ನಡ ಹಳ್ಳಿಗಳಲ್ಲಿ, ಸಂಖ, ಉಮದಿ, ಗುಡ್ಡಾಪುರದ ಕಡೆ, ಯಾರಾದರೂ ದಿಢೀರನೆ ಕುಸಿದರೆ ಮೊದಲು ಏಳುವ ಕೂಗು ಒಂದೇ: "ಲಗೂ ಗಾಡಿ ತರ್ರೀ!" ಒಬ್ಬರು ಜೀಪಿನ ಕೀಲಿ ಹುಡುಕುತ್ತಾರೆ, ಒಬ್ಬರು ಬಾಯಿಗೆ ನೀರು ಬಿಡುತ್ತಾರೆ, ಇನ್ನೊಬ್ಬರು ಅಂಗಾಲು ತಿಕ್ಕುತ್ತಾರೆ. ನಾಲ್ಕು ಜನ ಎತ್ತಿ ಹಿಂದಿನ ಸೀಟಿಗೆ ಮಲಗಿಸಿ ಮಿರಜಿಗೋ ವಿಜಯಪುರಕ್ಕೋ ಹೊರಡುತ್ತಾರೆ. ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಬಿದ್ದವರ ಹೃದಯ ನಿಂತಿದ್ದರೆ, ಆ ಓಟದಲ್ಲಿ ಖರ್ಚಾಗುವುದು ಅವರಿಗೆ ಉಳಿದಿದ್ದ ನಿಮಿಷಗಳೇ.

ಎದೆ ಒತ್ತದೆ, ಯಂತ್ರದಿಂದ ಶಾಕ್ ಕೊಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ನಾಲ್ಕೈದು ನಿಮಿಷಕ್ಕೆ ಮಿದುಳು ಕೆಡತೊಡಗುತ್ತದೆ. ಜತ್ತದಿಂದ ಮಿರಜ ಸುಮಾರು 80 ಕಿ.ಮೀ. ಚಾಲಕ ಎಷ್ಟೇ ಜೋರು ಓಡಿಸಿದರೂ ಈ ಲೆಕ್ಕ ಹೊಂದುವುದಿಲ್ಲ. ಬಿದ್ದ ಜಾಗದಲ್ಲೇ ಯಾರಾದರೂ ಎದೆ ಒತ್ತಲು ಶುರು ಮಾಡಿದರೆ ಮಾತ್ರ ಆಂಬುಲೆನ್ಸಿಗೂ ಆಸ್ಪತ್ರೆಗೂ ಮಾಡಲು ಏನಾದರೂ ಉಳಿದಿರುತ್ತದೆ.

ಇದಕ್ಕೆ ಅಡ್ಡ ಬರುವ ನಂಬಿಕೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಹೊರಸಿನದು. ನಮ್ಮಲ್ಲಿ ಹಾಸಿಗೆಯಿಂದ ನೆಲಕ್ಕೆ ಇಳಿಸುವುದು ಜೀವ ಹೋಗುವ ಹೊತ್ತಿನಲ್ಲಿ. ಹೀಗಾಗಿ "ಕೆಳಗ ಹಾಕ್ರಿ" ಎಂದರೆ ಮನೆಯವರು ಅಳಲು ಶುರುಮಾಡುತ್ತಾರೆ, ಇಳಿಸಲು ಬಿಡುವುದಿಲ್ಲ. ಆದರೆ ಹಗ್ಗದ ಹೊರಸಿನ ಮೇಲೆ ಎಷ್ಟು ಒತ್ತಿದರೂ ಹೊರಸೇ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ಎದೆಮೂಳೆಗೂ ಬೆನ್ನುಮೂಳೆಗೂ ನಡುವೆ ಹೃದಯ ಹಿಂಡಿದಂತಾಗಿ ರಕ್ತ ಮಿದುಳಿಗೆ ಏರಬೇಕಾದರೆ ಬೆನ್ನಿನ ಕೆಳಗೆ ಗಟ್ಟಿ ನೆಲ ಬೇಕು. ಇಲ್ಲಿ ನೆಲಕ್ಕೆ ಇಳಿಸುವುದು ಬದುಕಿಸಲಿಕ್ಕೆ. ಆ ಮಾತನ್ನು ಮನೆಯ ಹಿರಿಯರಿಗೆ ಗಟ್ಟಿಯಾಗಿ ಹೇಳಿಬಿಡಿ: "ಕಾಕಾ, ಉಳಿಸಾಕ ಇಳಸಾಕತ್ತೀವ್ರಿ." ಓಡುವ ಜೀಪಿನ ಸೀಟಿಗೂ ಹೊರಸಿನದೇ ತೊಂದರೆ.

ಎರಡನೆಯದು ಮೇಲುಸಿರು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಹಲವರು ಬಾಯಿ ತೆರೆದು, ಗೊರಕೆಯಂತೆ, ದಡಕ್ಕೆ ಬಿದ್ದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಉಸಿರು ಎಳೆಯುತ್ತಾರೆ. ಕೆಲವರು "ಇನ್ನೂ ಉಸಿರು ಐತಿ, ಮುಟ್ಟಬ್ಯಾಡ್ರಿ" ಎನ್ನುತ್ತಾರೆ. ಇನ್ನು ಕೆಲವರು "ಮ್ಯಾಲುಸಿರು ಹತ್ತೇತಿ, ಮುಗೀತು" ಎಂದು ಕೈಬಿಡುತ್ತಾರೆ. ಎರಡೂ ತಪ್ಪು. ಅದು ಉಸಿರಾಟವೂ ಅಲ್ಲ, ಕೊನೆಯೂ ಅಲ್ಲ. ಮಿದುಳಿನ ಬುಡದಲ್ಲಿ ಇನ್ನೂ ಜೀವವಿದೆ ಎಂಬ ಗುರುತು ಅದು, ಒತ್ತಲು ಅತ್ಯಂತ ಒಳ್ಳೆಯ ಗಳಿಗೆ. ಹೃದಯ ನಿಂತ ಕ್ಷಣದಲ್ಲಿ ಕೈಕಾಲು ಜಗ್ಗುವುದೂ ಉಂಟು. ಫಿಟ್ಸ್ ಎಂದುಕೊಂಡು ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿದು ಕೂತರೆ ಹೊತ್ತು ಹೋಗುತ್ತದೆ. ನಾಡಿ ಹುಡುಕುತ್ತಾ ಕೂಡುವುದೂ ಬೇಡ. ಭುಜ ತಟ್ಟಿ ಕೂಗಿದರೆ ಎಚ್ಚರವಿಲ್ಲ, ಉಸಿರು ಸರಿಯಾಗಿ ಇಲ್ಲ ಎಂದರೆ ಅಷ್ಟೇ ಸಾಕು.

"ಹಾರ್ಟ್ ಅಟ್ಯಾಕ್ ಆತು" ಎಂದು ನಾವು ಎರಡು ಬೇರೆ ಸಂಗತಿಗಳಿಗೆ ಹೇಳುತ್ತೇವೆ. ಅಟ್ಯಾಕ್ ಎಂದರೆ ಹೃದಯದ ರಕ್ತನಾಳ ಕಟ್ಟಿಕೊಂಡದ್ದು. ಮನುಷ್ಯನಿಗೆ ಎಚ್ಚರವಿರುತ್ತದೆ, ಎದೆ ಹಿಂಡುತ್ತದೆ, ಬೆವರು ಸುರಿಯುತ್ತದೆ. ಎದೆ ಒತ್ತಬೇಕಾದದ್ದು ಇವರಿಗಲ್ಲ. ಗ್ಯಾಸ್ ಎಂದು ಸೋಡಾ ಕುಡಿಸದೆ ತಕ್ಷಣ ಆಸ್ಪತ್ರೆಗೆ ಮುಟ್ಟಿಸಬೇಕಾದದ್ದು ಇವರನ್ನು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ, ಆ ಕಟ್ಟು ಕರಗಿಸುವ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಿಸುತ್ತದೆ. ಅಟ್ಯಾಕ್ ಆದವರ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು, ಆಗ ಎಚ್ಚರ ತಪ್ಪುತ್ತದೆ. ಅದು ಎರಡನೆಯ ಸಂಗತಿ, ಎದೆ ಒತ್ತಬೇಕಾದದ್ದು ಆಗ. ಜೋರಾಗಿ ಕೆಮ್ಮಿದರೆ ಬದುಕುತ್ತೀರಿ ಎಂದು ವಾಟ್ಸಾಪಿನಲ್ಲಿ ಸುತ್ತುವ ಸಲಹೆಯನ್ನು ನಂಬಬೇಡಿ. ಹೃದಯ ನಿಂತವನು ಕೆಮ್ಮಲಾರ.

ಒತ್ತುವುದು ಹೀಗೆ. ಬಿದ್ದವರ ಪಕ್ಕ ಮಂಡಿಯೂರಿ, ಎದೆಯ ನಟ್ಟನಡುವೆ, ಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಬಗ್ಗಿಸದೆ, ಇಡೀ ಮೈಭಾರ ಬಿಟ್ಟು 5 ಸೆಂ.ಮೀ. ತಗ್ಗುವಂತೆ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ನಿಮಿಷಕ್ಕೆ 100ರಿಂದ 120. ಬಾಯಿ ಬಿಟ್ಟು ಎಣಿಸಿ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಆಗ ಇನ್ನೊಬ್ಬರು ಒತ್ತಲಿ. ಬಾಯಿಗೆ ಬಾಯಿ ಇಟ್ಟು ಊದಲೇಬೇಕೆಂದು ಹಿಂಜರಿಯಬೇಡಿ: ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಜನಸಾಮಾನ್ಯರಿಗಾಗಿ ಹೊರಡಿಸಿದ ಮಾರ್ಗಸೂಚಿಯೂ ದೊಡ್ಡವರಿಗೆ ಎದೆ ಒತ್ತುವುದಷ್ಟೇ ಸಾಕು ಎನ್ನುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಬಿದ್ದವರ ಮಾತು ಬೇರೆ. ಅವರಿಗೂ ಮಕ್ಕಳಿಗೂ ಉಸಿರೇ ಮೊದಲು ಬೇಕು. ತಲೆಕೆಳಗೆ ಹಿಡಿದು, ಹೊಟ್ಟೆ ಅದುಮಿ ನೀರು ತೆಗೆಯಲು ಹೋಗಬೇಡಿ.

"ಎಲುಬು ಮುರದರ?" ಮುರಿಯಬಹುದು, ಚಟ್ಟೆಂದು ಸದ್ದೂ ಕೇಳಬಹುದು. ಕೈ ಸರಿಯಾಗಿದೆಯೇ ನೋಡಿಕೊಂಡು ಮುಂದುವರಿಸಿ. ಪಕ್ಕೆಲುಬು ಕೂಡುತ್ತದೆ.

ದ್ರಾಕ್ಷಿ, ದಾಳಿಂಬೆ ತೋಟಗಳ ಈ ಊರುಗಳಲ್ಲಿ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಶಾಕಿಗೆ ಹೃದಯ ನಿಲ್ಲುವುದುಂಟು. ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರೆ ಕರೆಂಟ್ ಇಳಿಯುತ್ತದೆ ಎಂಬ ನಂಬಿಕೆಯಿದೆ. ಮೈಯಲ್ಲಿ ಕರೆಂಟ್ ಕೂತಿರುವುದಿಲ್ಲ. ಮೊದಲು ಮೇನ್ ಸ್ವಿಚ್ ಬಂದ್ ಮಾಡಿ, ಆಮೇಲೆ ಮುಟ್ಟಿ, ಒತ್ತಿ. ಎದೆ ಒತ್ತುವ ಈ ವಿದ್ಯೆ ಹುಟ್ಟಿದ್ದಕ್ಕೂ ಕರೆಂಟೇ ಕಾರಣ. ವಿದ್ಯುತ್ ತಂತಿಯ ಕೆಲಸಗಾರರು ಶಾಕಿಗೆ ಸಾಯುವುದನ್ನು ತಡೆಯಲು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್ ಎಂಬ ಎಂಜಿನಿಯರ್ ಶಾಕ್ ಯಂತ್ರ ರೂಪಿಸುತ್ತಿದ್ದರು. ಯಂತ್ರದ ಭಾರದ ಪಟ್ಟಿಗಳನ್ನು ನಾಯಿಯ ಎದೆಗೆ ಒತ್ತಿದಾಗಲೇ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡ ಏರುವುದನ್ನು ಅವರ ಶಿಷ್ಯ ನಿಕರ್‌ಬಾಕರ್ ಗಮನಿಸಿದರು. ಶಸ್ತ್ರವೈದ್ಯ ಜೂಡ್ ಜೊತೆ ಸೇರಿ ಮೂವರೂ 1960ರಲ್ಲಿ ಅದನ್ನು ಪ್ರಕಟಿಸಿದರು. ಬರಿಗೈ ಸಾಕೆಂದು ಜಗತ್ತಿಗೆ ಗೊತ್ತಾದದ್ದು ಹಾಗೆ.

ಸಿನಿಮಾದಲ್ಲಿ ಹೃದಯದ ಬಡಿತ ತೋರಿಸುವ ಪರದೆಯ ಗೆರೆ ನೇರವಾದ ಕೂಡಲೇ ಯಂತ್ರದಿಂದ ಶಾಕ್ ಕೊಡುತ್ತಾರೆ. ನೇರ ಗೆರೆಗೆ ಶಾಕ್ ಕೆಲಸ ಮಾಡದು. ಅದು ಲಯ ತಪ್ಪಿ ನಡುಗುವ ಹೃದಯಕ್ಕೆ. ಹೃದಯ ಆ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು ನಿಮ್ಮ ಕೈಯೇ.

ಹೆಣ್ಣುಮಕ್ಕಳು ಬಿದ್ದರೆ ಗಂಡಸರು ದೂರ ನಿಲ್ಲುತ್ತಾರೆ. ಬೇರೆ ದೇಶಗಳ ಅಧ್ಯಯನಗಳಲ್ಲೂ ಸಾರ್ವಜನಿಕ ಜಾಗದಲ್ಲಿ ಮಹಿಳೆಯರಿಗೆ ಈ ನೆರವು ಕಡಿಮೆ ಸಿಕ್ಕಿದ್ದು ಕಂಡಿದೆ. ಗುಡ್ಡಾಪುರದ ದಾನಮ್ಮದೇವಿಗೆ ನಡೆದು ಬರುವ ಸಾವಿರಾರು ಜನರಲ್ಲಿ ತಾಯಂದಿರೇನು ಕಡಿಮೆಯೇ? ಸುತ್ತ ಸೀರೆ ಅಡ್ಡ ಹಿಡಿಯಿರಿ. ಅಕ್ಕತಂಗಿಯರೇ ಕಲಿತರಂತೂ ಇನ್ನೂ ಒಳ್ಳೆಯದು.

ಗಾಡಿ ಬೇಡವೆಂದಲ್ಲ. ಒಬ್ಬರು ಒತ್ತುತ್ತಿರಲಿ, ಇನ್ನೊಬ್ಬರು 108ಕ್ಕೆ ಹಚ್ಚಲಿ. ಕರ್ನಾಟಕದಲ್ಲಿ ಅದು 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ಇದೆ. ಗಡಿಯ ಎರಡೂ ಕಡೆ ಒಂದೇ ನಂಬರು, ಆದ್ದರಿಂದ ರಾಜ್ಯ, ತಾಲೂಕು, ಊರು, ಹತ್ತಿರದ ಗುಡಿಯೋ ಶಾಲೆಯೋ, ಈ ಕ್ರಮದಲ್ಲಿ ಹೇಳಿ. ಫೋನು ಸ್ಪೀಕರಿನಲ್ಲಿರಲಿ. ಒಬ್ಬ ಹುಡುಗನನ್ನು ರಸ್ತೆಯ ಕೂಡಿಗೆ ಕಳಿಸಿ. ಒತ್ತಿಸಿಕೊಂಡವರೆಲ್ಲ ಬದುಕುವುದಿಲ್ಲ, ಬದುಕುವವರು ಕೆಲವರೇ. ಆ ಕೆಲವರಲ್ಲಿ ಬಹುಮಂದಿ, ಯಾರೋ ಒಬ್ಬರು ತಡಮಾಡದೆ ಎದೆಗೆ ಕೈ ಇಟ್ಟದ್ದರಿಂದ ಉಳಿದವರು. ಆಂಬುಲೆನ್ಸಿನವರು ಇಳಿದ ಕೂಡಲೇ ಕೇಳುವುದು ಎರಡೇ: ಬಿದ್ದದ್ದು ಎಷ್ಟು ಗಂಟೆಗೆ, ಒತ್ತಲು ಶುರು ಮಾಡಿದ್ದು ಎಷ್ಟಕ್ಕೆ. ಗಡಿಯಾರ ನೋಡಿಟ್ಟುಕೊಂಡಿರಿ, ಅವರು ವಹಿಸಿಕೊಳ್ಳುವ ತನಕ ಒತ್ತುವುದನ್ನು ಬಿಡಬೇಡಿ.