ಕಾಲು ನೋಡಿ, ನಡಿಗೆ ನೋಡಿ

ಚಳಿಗಾಲ ಬಂತೆಂದರೆ ನಮ್ಮ ಕೆರೆಗಳ ಕೆಸರಂಚಿನಲ್ಲಿ, ಅಘನಾಶಿನಿಯಂಥ ನದಿಗಳ ಅಳಿವೆಯಲ್ಲಿ ಗುಬ್ಬಿ ಗಾತ್ರದ ಹಕ್ಕಿಗಳು ಗುಂಪು ಗುಂಪಾಗಿ ಓಡಾಡತೊಡಗುತ್ತವೆ. ಮೇಲೆ ಬೂದುಗಂದು, ಕೆಳಗೆ ಬಿಳಿ. ಹೊಸದಾಗಿ ಬೈನಾಕ್ಯುಲರ್ ಹಿಡಿದವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಉತ್ತರದ ತಾಣಗಳಲ್ಲಿ ಮರಿ ಮಾಡುವಾಗ ಇದ್ದ ಗಾಢ ಬಣ್ಣ ಚಳಿಗಾಲದಲ್ಲಿ ಉಳಿದಿರುವುದಿಲ್ಲ. ಬಣ್ಣವನ್ನೇ ನೆಚ್ಚಿಕೊಂಡರೆ ಇವುಗಳ ಗುರುತು ಹತ್ತುವುದಿಲ್ಲ.

ಮೊದಲು ಗಮನಿಸಬೇಕಾದದ್ದು ಮೇಯುವ ರೀತಿ. ಪ್ಲೋವರ್ ಕಣ್ಣಿನಿಂದ ಹುಡುಕುವ ಹಕ್ಕಿ. ದೊಡ್ಡ ಕಣ್ಣು, ಮೋಟು ಕೊಕ್ಕು. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಾಗಿ ಕುಕ್ಕುತ್ತದೆ, ಮತ್ತೆ ಓಡುತ್ತದೆ. ಸ್ಟಿಂಟ್‌ಗಳಿಗೆ ಅಷ್ಟು ಬಿಡುವಿಲ್ಲ, ತಗ್ಗಿಸಿದ ತಲೆ ಎತ್ತದೆ ಕೆಸರನ್ನು ಕುಟುಕುತ್ತಲೇ ಸಾಗುತ್ತವೆ. ಇನ್ನು ಹಿಂಭಾಗವನ್ನು ಸದಾ ಮೇಲೆ ಕೆಳಗೆ ಕುಣಿಸುತ್ತಾ, ದಡದ ಕಲ್ಲುಗಳ ಮೇಲೆ ಒಂಟಿಯಾಗಿ ಓಡಾಡುವುದು ಕಾಮನ್ ಸ್ಯಾಂಡ್‌ಪೈಪರ್. ಅದರ ಎದೆಯ ಪಕ್ಕದಿಂದ ರೆಕ್ಕೆಯ ಮುಂದೆ ಮೇಲಕ್ಕೇರುವ ಬಿಳಿಯ ಕೊಂಕು ದೂರದಿಂದಲೂ ಕಾಣುತ್ತದೆ.

ನಿಜವಾದ ಪರೀಕ್ಷೆ ಎರಡು ಸ್ಟಿಂಟ್‌ಗಳದು. ಲಿಟಲ್ ಸ್ಟಿಂಟ್ ಮತ್ತು ಟೆಮ್ಮಿಂಕ್ಸ್ ಸ್ಟಿಂಟ್, ಎರಡೂ 13-14 ಸೆಂಟಿಮೀಟರ್ ಉದ್ದದವು. ಲಿಟಲ್ ಸ್ಟಿಂಟ್‌ನ ಕಾಲು ಕಪ್ಪು, ಟೆಮ್ಮಿಂಕ್ಸ್‌ನದು ಹಳದಿ ಅಥವಾ ಹಸಿರು ಮಿಶ್ರಿತ ಹಳದಿ. ಪುಸ್ತಕದಲ್ಲಿ ಇದು ಸುಲಭ. ಕೆರೆಯಲ್ಲಿ ಹಳದಿ ಕಾಲಿಗೆ ಕೆಸರು ಮೆತ್ತಿ ಕಪ್ಪಾಗಿರುತ್ತದೆ, ಎದುರು ಬಿಸಿಲಲ್ಲಂತೂ ಎಲ್ಲ ಕಾಲುಗಳೂ ಕಪ್ಪೇ. ಆಗ ಎದೆಗೆ ಕಣ್ಣು ಹಾಯಿಸಬೇಕು. ಟೆಮ್ಮಿಂಕ್ಸ್‌ನ ಎದೆ ಪೂರ್ತಿ ಮಬ್ಬು ಬೂದು, ಲಿಟಲ್ ಸ್ಟಿಂಟ್‌ನ ಎದೆಯ ನಡುಭಾಗ ಬೆಳ್ಳಗಿರುತ್ತದೆ. ಸ್ವಭಾವವೂ ಬೇರೆ: ಲಿಟಲ್ ಸ್ಟಿಂಟ್ ಬಯಲು ಕೆಸರಿನಲ್ಲಿ ಹಿಂಡುಗಟ್ಟಿ ಚುರುಕಾಗಿ ಓಡಾಡಿದರೆ, ಟೆಮ್ಮಿಂಕ್ಸ್ ಸಿಹಿನೀರಿನ ಹುಲ್ಲಂಚಿನಲ್ಲಿ ಕಾಲು ಮಡಿಸಿ, ತೆವಳಿದಂತೆ ಮೆಲ್ಲಗೆ ಮೇಯುತ್ತದೆ. ಹಾರಿದಾಗ ಟೆಮ್ಮಿಂಕ್ಸ್‌ನ ಬಾಲದ ಹೊರಗರಿಗಳು ಅಚ್ಚ ಬಿಳಿ, ಲಿಟಲ್ ಸ್ಟಿಂಟ್‌ನವು ಬೂದು.

ಪ್ಲೋವರ್‌ಗಳಲ್ಲಿ ಇಷ್ಟು ಗೊಂದಲವಿಲ್ಲ. ಕಣ್ಣ ಸುತ್ತ ಹಳದಿ ಉಂಗುರವಿದ್ದರೆ ಅದು ಲಿಟಲ್ ರಿಂಗ್ಡ್ ಪ್ಲೋವರ್; ಕೆಲವು ನಮ್ಮ ನದಿಗಳ ಮರಳಿನಲ್ಲೇ ಮೊಟ್ಟೆಯಿಡುತ್ತವೆ. ಕಾಲು ಕಪ್ಪಾಗಿದ್ದು, ಎದೆಯ ಪಟ್ಟಿ ಮಧ್ಯದಲ್ಲಿ ತುಂಡಾಗಿದ್ದರೆ ಕೆಂಟಿಷ್ ಪ್ಲೋವರ್.

ಗ್ರೀನ್ ಮತ್ತು ವುಡ್ ಸ್ಯಾಂಡ್‌ಪೈಪರ್ ನಿಂತಾಗ ಅನುಮಾನ ಬಂದರೆ ಅವು ಹಾರುವವರೆಗೆ ಕಾಯುವುದೊಳ್ಳೆಯದು. ಗ್ರೀನ್‌ನ ರೆಕ್ಕೆಯ ಒಳಬದಿ ಕಪ್ಪು, ವುಡ್‌ನದು ತಿಳಿ. ಕಾಯಬೇಕೇ ಹೊರತು ಹಾರಲೆಂದು ಬೆದರಿಸಬಾರದು. ಸುಮಾರು 25 ಗ್ರಾಂ ತೂಗುವ ಸ್ಟಿಂಟ್ ಸಾವಿರಾರು ಕಿಲೋಮೀಟರ್ ಹಾರಿ ಬಂದಿರುತ್ತದೆ. ಮತ್ತೆ ಅಷ್ಟೇ ದೂರ ಮರಳಲು ಬೇಕಾದ ಕೊಬ್ಬನ್ನು ಅದು ಕೂಡಿಸಿಕೊಳ್ಳುವುದು ಇದೇ ಕೆಸರಿನಲ್ಲಿ.

ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಗೆ ಸೇರಿಕೊಂಡರೆ, ಪಳಗಿದವರ ಪಕ್ಕದಲ್ಲಿ ನಿಂತು ಇವನ್ನೆಲ್ಲ ಕಲಿಯಬಹುದು. ಬಣ್ಣದ ನೆರವು ಬೇಕೆನ್ನುವವರು ಏಪ್ರಿಲ್‌ನಲ್ಲೂ ಒಮ್ಮೆ ಕೆರೆಗೆ ಹೋಗಬೇಕು. ಉತ್ತರಕ್ಕೆ ಹೊರಡುವ ಮುನ್ನ ಲಿಟಲ್ ಸ್ಟಿಂಟ್‌ಗಳ ಮುಖ, ಬೆನ್ನಿಗೆ ಕೆಂಗಂದು ಏರತೊಡಗಿರುತ್ತದೆ.